ಚಾಂದನಿಗೊಂದು ಆಷಾಢದ ಬೇಲಿ

ಬಟ್ಟೆ ಅಂಗಡಿಯವನ ಕಿವಿಗೆ ‘ಮತ್ತ ಬರತೇವ್ರಿ’ ಎನ್ನುವ ಮಾತಿನಷ್ಟು ಕಹಿಯಾದದ್ದು ಇನ್ನೊಂದಿಲ್ಲ. ನರೇಗಲ್ಲಿನ ಬಜಾರದಲ್ಲಿ ನಮ್ಮದು ಅಪ್ಪನ ಕಾಲದ ಸೀರೆ ಅಂಗಡಿ. ಬಂದವರು ಗಾದಿಯ ಮೇಲೆ ಕಾಲು ಮಡಚಿ ಕೂತು, ಚಹಾ ಕುಡಿದು, ಅಟ್ಟದ ಮೇಲಿನ ಗಂಟನ್ನೂ ಕೆಳಗಿಳಿಸಿ, ಒಂದೊಂದೇ ಸೆರಗನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಎದ್ದು ಹೇಳುವ ಮಾತು ಅದು. ಅವರು ಹೋದ ಮೇಲೆ ಆ ರಾಶಿಯ ನಡುವೆ ಕೂತು ಸೀರೆ ಮಡಚುತ್ತ ನಾನು ಗೊಣಗುತ್ತಿದ್ದೆ: ‘ತಮಗೇನು ಬೇಕು ಅನ್ನೋದು ಗೊತ್ತಿಲ್ಲದ ಜನ ಮನೆ ಬಿಟ್ಟು ಯಾಕೆ ಬರಬೇಕು?’ ಈಗ ಗೊಣಗುವುದನ್ನು ಬಿಟ್ಟಿದ್ದೇನೆ. ನನಗೂ ಒಂದು ಬೇಲಿ ಕೊಳ್ಳುವ ಪ್ರಸಂಗ ಬಂದಿತು.

ಬೇಲಿ ಬೇಕಾದದ್ದು ಒಂದು ಕುದುರೆಗೆ. ಗಜೇಂದ್ರಗಡದ ದಾವಲಸಾಬ ನನ್ನೊಂದಿಗೆ ಸಾಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಮದುವೆ ಮೆರವಣಿಗೆಗೆ ಕುದುರೆ ಕೊಡುವುದು ಅವರ ಮನೆತನದ ಕಸುಬು. ಆಷಾಢ ಬಂದರೆ ಅವನಿಗೂ ಕೆಲಸವಿಲ್ಲ, ನನಗೂ ವ್ಯಾಪಾರವಿಲ್ಲ. ಈ ಸಲ ಆ ಬಿಡುವಿನಲ್ಲೇ ಹುಬ್ಬಳ್ಳಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು, ಮಗಳ ಮನೆಯಲ್ಲಿ ಇದ್ದು ಬರಬೇಕೆಂದು ಹೊರಟವನು ಅಂಗಡಿಗೆ ಬಂದ. ಅವನ ಬಿಳಿಯ ಹೆಣ್ಣು ಕುದುರೆ ಚಾಂದನಿಯನ್ನು ನೋಡಿಕೊಳ್ಳುವವರು ಇರಲಿಲ್ಲ.

“ಶ್ರಾವಣ ಬರೋತನಕ ಇಟ್ಕೋರಿ ಸಾವ್ಕಾರ್ರ. ನೀವು ಒಲ್ಲೆ ಅಂದ್ರ ಮಾರೋದೊಂದ ದಾರಿ. ಗಿರಾಕಿ ಬಂದು ಕುಂತಾನ” ಎಂದ. ಬೆಂಚಿನ ಗೆಳೆಯ ‘ಸಾವ್ಕಾರ್ರ’ ಎಂದನೆಂದರೆ ಅವನಿಗೆ ಅಳು ಬಂದಿದೆ ಎಂದೇ ಅರ್ಥ. ಆಮೇಲೆ ಅವಳ ಸ್ವಭಾವ ಹೇಳಿದ: “ಭಾಳ ಸಂಭಾವಿತಾಕಿ. ಬಾಜಾ ಕೇಳಿದ್ರ ಕುಣೀತಾಳ, ಸೀರಿ ಉಟ್ಟ ಮಂದಿ ಎಲ್ಲಿ ನಡದ್ರ ಅಲ್ಲಿ ನಡೀತಾಳ, ತೋರಣ ಕಟ್ಟಿದ ಬಾಗಲಾ ಕಂಡ್ರ ನಿಂತ ಬಿಡತಾಳ. ಇಷ್ಟ ಆಕಿಗೆ ಬರೋದು.” ನಾನು ಇದನ್ನು ಅರ್ಧ ಕೇಳಿದೆ, ಇನ್ನರ್ಧ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಚಾಂದನಿಯ ರೆಪ್ಪೆಗಳನ್ನು ನೋಡುತ್ತಿದ್ದೆ. ಅಷ್ಟು ಉದ್ದದ ರೆಪ್ಪೆ ಇಟ್ಟುಕೊಂಡು ಯಾರಾದರೂ ನಮ್ಮ ಕಡೆ ನೋಡಿದರೆ ಇಲ್ಲ ಎನ್ನುವುದು ಹೇಗೆ? ಹೂಂ ಎಂದುಬಿಟ್ಟೆ. ಮನೆಯವಳನ್ನು ಕೇಳುವುದು ಮರೆತಿತ್ತು.

ನನ್ನ ಹೆಂಡತಿ ಗಿರಿಜಾ ಹೊಳೆಆಲೂರಿನವಳು. ಕುದುರೆಯ ವಿಷಯದಲ್ಲಿ ಅವಳಿಗೂ ನನಗೂ ಒಂದು ಹಳೆಯ ಬಾಕಿ ಇದೆ. ನಮ್ಮ ಮದುವೆಗೆ ದಾವಲಸಾಬ ಬಿಳಿ ಕುದುರೆಯನ್ನು ಸಿಂಗರಿಸಿ ತಂದು ನಿಲ್ಲಿಸಿದ್ದ. ಅದರ ಎತ್ತರ ನೋಡಿ ನನಗೆ ನೀರಡಿಕೆಯಾಯಿತು. ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ಹೋದೆ. ಇಳಕಲ್ ಸೀರೆ ಉಟ್ಟು ಕಿಟಕಿಯಲ್ಲಿ ನಿಂತಿದ್ದ ಗಿರಿಜಾ ಕುದುರೆ ಬರುತ್ತದೆಂದು ಗೆಳತಿಯರಿಗೆಲ್ಲ ಹೇಳಿಟ್ಟಿದ್ದಳಂತೆ. ಈಗಲೂ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದರೆ ಸಾಕು, ಆ ಅಂಬಾಸಿಡರ್ ಬಂದು ನಮ್ಮಿಬ್ಬರ ನಡುವೆ ನಿಲ್ಲುತ್ತದೆ.

“ಇರಲಿ ಬಿಡ್ರಿ, ಮೂಕಪ್ರಾಣಿ” ಎಂದಳು ಗಿರಿಜಾ. “ಆದ್ರ ಬಾಜೂ ಹೊಲದ ಬಸಪ್ಪಣ್ಣನ ಹೆಸರಿನ ಬೆಳಿಗೆ ಒಂದ ಸಲ ಬಾಯಿ ಹಾಕಿತು ಅಂದ್ರ, ಅವತ್ತ ಅದು ಗಜೇಂದ್ರಗಡಕ್ಕ ವಾಪಸ್. ಆ ಮನಿ ಜೋಡಿ ನಾ ಜಗಳಾ ಮಾಡಾಕಿ ಅಲ್ಲ.” ಊರ ಹೊರಗೆ ನಮ್ಮದೊಂದು ತುಂಡು ಕಪ್ಪು ಎರೆ ಹೊಲ. ಬಿತ್ತದೆ ಬಿಟ್ಟಿದ್ದರಿಂದ ಮೊದಲ ಮಳೆಗೇ ಮೊಣಕಾಲೆತ್ತರ ಹುಲ್ಲು ಬಂದಿತ್ತು. ಅದರ ಪಕ್ಕದಲ್ಲೇ ಬಸಪ್ಪನ ಹೆಸರುಕಾಳಿನ ಬೆಳೆ, ಆಗಷ್ಟೇ ಹೂ ಬಿಡುವ ಹದ. ಚಾಂದನಿಯನ್ನು ಬೇವಿನ ಮರಕ್ಕೆ ಉದ್ದನೆಯ ಹಗ್ಗದಲ್ಲಿ ಕಟ್ಟಿ ನೋಡಿದೆ. ಅವಳು ಮರ ಸುತ್ತಿ ಸುತ್ತಿ ಹಗ್ಗವನ್ನೆಲ್ಲ ಕಾಂಡಕ್ಕೆ ಸುತ್ತಿ, ಮರಕ್ಕೆ ಮುಖ ಹಚ್ಚಿ ನಿಂತು ನನ್ನ ಕಡೆ ನೋಡಿದಳು. ನನಗೆ ನನ್ನ ಮೇಲೇ ಬೇಸರ ಬಂತು.

ನನ್ನ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಆಷಾಢದ ಗಾಳಿ, ಮೋಡದ ನೆರಳು ಹೊಲದಿಂದ ಹೊಲಕ್ಕೆ ನಡೆಯುತ್ತಿದೆ, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಮಗೆ ಯಾವ ಅವಸರವೂ ಇಲ್ಲವೆಂಬಂತೆ ತಿರುಗುತ್ತಿವೆ, ಹಸಿರಿನ ನಡುವೆ ಬಿಳಿಯ ಕುದುರೆ ಹಗ್ಗ ಬಿಚ್ಚಿದ ಕೊರಳಲ್ಲಿ ಮೇಯುತ್ತಿದೆ, ಬೇವಿನ ಕೆಳಗೆ ಚಾಪೆಯ ಮೇಲೆ ನಾನು. ಈ ಚಿತ್ರದಲ್ಲಿ ನಾನು ಮಲಗಿರಬೇಕಾದರೆ ಸುತ್ತಲೂ ಒಂದು ಬೇಲಿ ಇರಬೇಕಿತ್ತು. ಅದೂ ಶ್ರಾವಣಕ್ಕೆ ಸುತ್ತಿಟ್ಟುಬಿಡುವಂಥದು.

ರೋಣದ ಅಂಗಡಿಯಲ್ಲಿ ಮುಳ್ಳುತಂತಿ ತೋರಿಸಿದರು. ಕೈಯಿಂದ ಮುಟ್ಟಿದಾಗ ಚಾಂದನಿಯ ಎದೆಯ ನುಣುಪು ನೆನಪಾಯಿತು, ಬೇಡವೆಂದೆ. ಅದಕ್ಕೆ ಕಲ್ಲಕಂಬವೂ ಬೇಕು. ಒಂದು ತಿಂಗಳ ಅತಿಥಿಗಾಗಿ ಮೊಮ್ಮಕ್ಕಳ ಕಾಲದವರೆಗೆ ನಿಲ್ಲುವ ಕಂಬ ನೆಡುವುದೇ? ನೈಲಾನ್ ಬಲೆ ತೋರಿಸಿದರು. ಗೊರಸು ಸಿಕ್ಕಿಕೊಂಡರೆ ಎಂದು ಹೆದರಿ ಅದನ್ನೂ ಬಿಟ್ಟೆ. ಜಾಲಿಕಂಟಿ ಕಡಿದು ಒಡ್ಡಿದರೆ ಪುಕ್ಕಟೆ, ಆದರೆ ಆ ರೆಪ್ಪೆಗಳ ಹತ್ತಿರ ಮುಳ್ಳೇ? ನರಗುಂದದಲ್ಲೊಬ್ಬ ಬೇಲಿಯ ತಂತಿಗೆ ಕರೆಂಟು ಬಿಡುವ ಬ್ಯಾಟರಿಯ ಝಟಕಾ ಮಶೀನು ಮಾರುತ್ತಿದ್ದ. “ಏನೂ ಆಗಂಗಿಲ್ರಿ, ಮುಟ್ಟಿ ನೋಡ್ರಿ” ಎಂದ. ಮುಟ್ಟಿದೆ. ಟೋಪಿ ಎಲ್ಲಿ ಬಿತ್ತೆಂದು ನಾವಿಬ್ಬರೂ ಸ್ವಲ್ಪ ಹೊತ್ತು ಹುಡುಕಿದೆವು. ಅದರ ಮೇಲೆ ಮೊಬೈಲಿನಲ್ಲಿ ಪರದೇಶದ ಕುದುರೆಗಳ ವಿಡಿಯೋ ಬೇರೆ. ಹಸಿರು ಇಳಿಜಾರು, ಬಿಳಿಯ ಪಟ್ಟಿಯ ಬೇಲಿ, ಅದರಾಚೆ ಮಂಜು. ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತ, ಲಂಗದ ಬಟ್ಟೆ ಕೇಳಿದವರಿಗೆ ಟವೆಲ್ಲು ಹರಿದುಕೊಟ್ಟೆ.

ಮತ್ತೊಮ್ಮೆ ರೋಣಕ್ಕೆ ಹೋಗಿ, ತಂತಿ ಬಲೆ ಎಲ್ಲವನ್ನೂ ಮತ್ತೆ ಬಿಚ್ಚಿಸಿ ನೋಡಿ, “ಮತ್ತ ಬರತೇನ್ರಿ” ಎಂದು ಎದ್ದೆ. ಅಂಗಡಿಯವನು ನಕ್ಕ. “ಬರ್ರಿ ಸಾವ್ಕಾರ್ರ. ನಮ್ಮ ಮನಿಯಾಕಿನೂ ನಿಮ್ಮ ಅಂಗಡ್ಯಾಗ ಹಿಂಗ ಅಂದ ಬರತಾಳ.” ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನನಗೆ ತಲೆಯೆತ್ತಲು ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಬಸಪ್ಪನ ಹೊಲದ ಇನ್ನೊಂದು ಬದು. ಕಾಡಹಂದಿ ಬಾರದಿರಲೆಂದು ನಮ್ಮ ಕಡೆ ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಸೀರೆ ಆಡಿದರೆ ಜನ ನಿಂತಿದ್ದಾರೆಂದು ಹಂದಿ ಹಿಂದೆ ಸರಿಯುತ್ತದೆ. ಆ ಸೀರೆಗಳಲ್ಲಿ ಅರ್ಧದಷ್ಟು ನಮ್ಮ ಅಂಗಡಿಯವೇ. ಮೆತ್ತಗಿದೆ, ಮುಳ್ಳಿಲ್ಲ, ಝಟಕಾ ಇಲ್ಲ, ಬೇಕಾದಾಗ ಬಿಚ್ಚಿಕೊಳ್ಳಬಹುದು. ಸೀರೆ ಮಾರಿ ತಲೆ ನೆರೆತವನು ಬೇಲಿ ಹುಡುಕಿ ಊರೂರು ತಿರುಗಿದ್ದೆನಲ್ಲ ಎಂದು ನಾಚಿಕೆಯಾಯಿತು.

ಗಿರಿಜಾ ಟ್ರಂಕು ತೆರೆದಳು. ಒಂದೊಂದು ಸೀರೆ ಹೊರಬಂದಾಗಲೂ ಕೆಲಸ ನಿಲ್ಲುತ್ತಿತ್ತು. ಇದು ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಉಟ್ಟದ್ದು, ಇದು ಅತ್ತೆ ಕೊಟ್ಟದ್ದು, ಈ ಬಣ್ಣ ನಾನು ಆರಿಸಿದ್ದು, ಆದ್ದರಿಂದ ಉಡದೇ ಉಳಿದದ್ದು. ಎಲ್ಲಕ್ಕಿಂತ ಕೆಳಗೆ ಆ ಕಿಟಕಿಯ ದಿನದ ಇಳಕಲ್ ಸೀರೆ. ಮಡಿಕೆ ಮಡಿಕೆಗೂ ಹರಿದು ಉಡಲು ಬಾರದಂತಾಗಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದು, “ಒಯ್ರಿ, ಒಳಗ ಹೋಗಿ ಬರೋ ಸಂದಿಗೆ ಕಟ್ರಿ. ಕುದರಿ ಕೆಲಸಕ್ಕರ ಬರಲಿ” ಎಂದಳು.

ಬಿದಿರಿನ ಗಳಗಳಿಗೆ ಸೀರೆ ಕಟ್ಟಿ ಮುಗಿಸಿದ ದಿನ ಆ ತುಂಡು ಹೊಲ ಎಷ್ಟು ಚಂದ ಕಂಡಿತೆಂದರೆ, ನಾನು ಬದುವಿನ ಮೇಲೆ ಸುಮ್ಮನೆ ಇನ್ನೊಂದು ಸುತ್ತು ಹಾಕಿ ಬಂದೆ. ಗಾಳಿ ಬಂದಾಗ ನಮ್ಮ ಸಂಸಾರದ ಎಲ್ಲ ವರ್ಷಗಳೂ ಒಟ್ಟಿಗೆ ಎದ್ದು ಆಡುತ್ತಿದ್ದವು. ಚಾಂದನಿ ಹಗ್ಗವಿಲ್ಲದೆ ಮೇಯುತ್ತ, ಒಂದೊಂದು ಸೀರೆಯ ಹತ್ತಿರವೂ ನಿಂತು, ಪರಿಚಯದವರನ್ನು ಮಾತಾಡಿಸುವಂತೆ ಮೂಸಿ ಮುಂದೆ ಹೋಗುತ್ತಿದ್ದಳು. ನಾನು ಚಾಪೆ ಹಾಸಿದೆ. ಎಷ್ಟೋ ಮಧ್ಯಾಹ್ನಗಳು ಹೀಗೇ ತೇಲಿಹೋದವು. ಎಚ್ಚರವೋ ನಿದ್ದೆಯೋ ಗೊತ್ತಾಗದ ಆ ಹೊತ್ತಿನಲ್ಲಿ ಗಾಳಿಯಂತ್ರಗಳೆಲ್ಲ ಗುಡ್ಡ ಇಳಿದು ಬಂದು ನನಗೆ ಬೀಸಣಿಗೆ ಬೀಸುತ್ತಿದ್ದವು.

ಒಂದು ಸಂಜೆ ಅಂಥದೇ ಜೊಂಪಿನಲ್ಲಿ ನನ್ನ ಮದುವೆ ನಡೆಯುತ್ತಿತ್ತು. ಬಾಜಾ ಬಜಂತ್ರಿ ಜೋರಾಗಿತ್ತು, ಈ ಸಲ ನಾನು ಕುದುರೆ ಏರಿಯೇಬಿಟ್ಟಿದ್ದೆ. ಬಾಜಾ ದೂರ ದೂರ ಹೋದಂತಾಗಿ ಕಣ್ಣು ಬಿಟ್ಟೆ. ಕಳೆ ತೆಗೆದು ಮನೆಗೆ ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟ್ರ್ಯಾಕ್ಟರೊಂದು, ಅದರ ಸ್ಪೀಕರಿನಲ್ಲಿ ಮದುವೆ ಬ್ಯಾಂಡಿನ ಹಾಡು, ನರೇಗಲ್ಲಿನ ದಾರಿಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಹೊಲದಲ್ಲಿ ಕುದುರೆ ಇರಲಿಲ್ಲ. ಸಂದಿಯಲ್ಲಿ ಇಳಕಲ್ ಸೀರೆಯೂ ಇರಲಿಲ್ಲ.

ದಾವಲಸಾಬ ಹೇಳಿದ್ದು ಆಗ ಪೂರ್ತಿ ಕೇಳಿಸಿತು. ಸೀರೆ ಕಂಡರೆ ಹಂದಿ ಓಡುತ್ತದೆ; ಮದುವೆ ಕುದುರೆ ಸೀರೆಯ ಹಿಂದೆಯೇ ಹೋಗುತ್ತದೆ. ಬಸಪ್ಪನ ಹೆಸರು ತುಳಿದಿರಬಹುದು, ತಿಂದಿರಬಹುದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ಕೂತ ಗೆಳೆಯನಿಗೆ, ನಿನ್ನ ಚಾಂದನಿಯನ್ನು ಮಾರಿಬಿಡು ಎಂದು ಯಾವ ಬಾಯಿಂದ ಹೇಳಲಿ? ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಅವಳು ನಮ್ಮ ಮನೆಯ ಮುಂದೆ ನಿಂತಿದ್ದಳು. ಬಾಗಿಲಿಗೆ ವರ್ಷವಿಡೀ ತೂಗುವ ಪ್ಲಾಸ್ಟಿಕ್ ಮಾವಿನ ತೋರಣವಿದೆ, ಅದನ್ನು ಕಂಡು ನಿಂತುಬಿಟ್ಟಿದ್ದಾಳೆ. ಬೆನ್ನ ಮೇಲೆ ಇಳಕಲ್ ಸೀರೆ. ಗಿರಿಜಾ ಕೈಯಿಂದ ಬೆಲ್ಲ ತಿನ್ನಿಸುತ್ತಿದ್ದಳು, ಓಣಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಬಸಪ್ಪ ನನಗಿಂತ ಮೊದಲೇ ಸೈಕಲ್ಲಿನಲ್ಲಿ ಬಂದಿದ್ದ. “ಹೆದರಬ್ಯಾಡ್ರಿ, ಹೆಸರು ಮುಟ್ಟಿಲ್ಲ” ಎಂದ. “ರಸ್ತಾ ಹಿಡದು ಕುಣಕೋತ ಬಂದಾಳ. ನಾ ಕಣ್ಣಾರೆ ನೋಡೇನಿ.”

ಗಿರಿಜಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕೂದಲಲ್ಲಿ ಹುಲ್ಲು, ಕಾಲಲ್ಲಿ ಎರೆ ಮಣ್ಣು, ಬಾಯಲ್ಲಿ ಏದುಸಿರು. “ನೋಡ್ರೆವ್ವಾ, ಅಂತೂ ನನ್ನ ಬಾಗಲಕ್ಕ ಕುದರಿ ಬಂತು” ಎಂದು ಹೆಂಗಸರ ಕಡೆ ತಿರುಗಿದಳು. “ವರ ಹಿಂದಿಂದ ಓಡಿ ಬಂದ, ಅಷ್ಟ.” ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವಿನಲ್ಲಿ ಅಂಬಾಸಿಡರ್ ಇರಲಿಲ್ಲ, ಅದು ನನಗೆ ಗೊತ್ತಾಯಿತು.

ಚಾಂದನಿಯನ್ನು ಕಳಿಸುವ ಮಾತು ಬರಲಿಲ್ಲ. ಆದರೆ ಇಳಕಲ್ ಸೀರೆಯನ್ನು ಗಿರಿಜಾ ಮಣ್ಣು ಝಾಡಿಸಿ, ಮಡಚಿ, ಮತ್ತೆ ಟ್ರಂಕಿನಲ್ಲಿಟ್ಟಳು. ಹಾಗಾದರೆ ಆ ಸಂದಿಗೆ ಏನು ಕಟ್ಟಲಿ ಎಂದು ಕೇಳಿದೆ. “ಕಟ್ಟೋದ್ಯಾಕ? ನೀವ ಕುಂಡ್ರರಿ” ಎಂದಳು.

ಈಗ ದಿನಾ ಮಧ್ಯಾಹ್ನ ಆ ಸಂದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಸೀರೆಯ ನಡುವೆ, ನಾನೇ ಕೂತಿರುತ್ತೇನೆ. ಚಾಪೆಗೆ ಪರವಾನಗಿ ಇಲ್ಲ. ಚಾಂದನಿ ಮೇಯುತ್ತ ಮೇಯುತ್ತ ನನ್ನವರೆಗೆ ಬರುತ್ತಾಳೆ. ಮುಖ ಮುಂದೆ ತಂದು, ಅಂಗಿಯ ಅಂಚನ್ನು ತುಟಿಯಿಂದ ಎಳೆದು, ಬೆಳಕಿಗೆ ಹಿಡಿದು ನೋಡುವವಳಂತೆ ತಲೆ ಓರೆ ಮಾಡಿ ಪರೀಕ್ಷಿಸುತ್ತಾಳೆ. ಆಮೇಲೆ ಬಾಲ ಕೊಡವಿ ನಿಧಾನಕ್ಕೆ ತಿರುಗುತ್ತಾಳೆ. ಮಾತು ಬರುತ್ತಿದ್ದರೆ ಏನು ಹೇಳುತ್ತಿದ್ದಳೆಂಬುದು ನನಗೆ ಚೆನ್ನಾಗಿ ಗೊತ್ತು: ‘ಮತ್ತ ಬರತೇನ್ರಿ.’