ಬೇಲಿಯಾಚೆ ಅಂಕಲ್ಲೂ ಅವರ ಕ್ಯಾಪ್ಟನ್ ಮುತ್ತಾತನೂ

ನಮ್ಮ ಬೀದೀಲಿ ಏನೂ ನಡೆಯಲ್ಲ ಅಂತಾರೆ ನಮ್ಮನೆಯವರು. ಕಿಟಕಿಗೆ ಬೆನ್ನು ಹಾಕ್ಕೊಂಡು ಟೀವಿ ನೋಡೋರಿಗೆ ಏನು ಕಾಣ್ಸುತ್ತೆ? ನಾನು ಸಿಂಕ್ ಮುಂದೆ ಪಾತ್ರೆ ತೊಳ್ಯಕ್ಕೆ ನಿಂತ್ರೆ ಸಾಕು, ನಾವು ದೇಶ ಬಿಟ್ಟು ಬಂದು ಸೇರ್ಕೊಂಡಿರೋ ಈ ಮಾಸನ್ ಲೇಕ್ಸ್ ಬಡಾವಣೆ ಅರ್ಧ ಕಾಣ್ಸುತ್ತೆ. ಅದರಲ್ಲೂ ಪಕ್ಕದ್ಮನೆಗೆ ಇಂಗ್ಲಿಷ್ ಅಂಕಲ್ ಬಂದ್ಮೇಲೆ ನಾನು ಸೀರಿಯಲ್ ನೋಡೋದೇ ಬಿಟ್ಬಿಟ್ಟೆ.

ಸತ್ತೋರ ಸುದ್ದಿ

ಅಂಕಲ್ ಸಣಕಲು, ಒಂಟಿ ಜೀವ, ಕಿವಿ ಮಾತ್ರ ಮೊರದಗಲ. ಎಂಥ ಗಾಳಿ ಬೀಸಿದ್ರೂ ಅವರ ಹ್ಯಾಟ್ ಹಾರಲ್ಲ, ಆ ಎರಡು ಕಿವಿ ಹಿಡ್ಕೊಂಡಿರ್ತವೆ. ಅವರದ್ದು ಇಂಗ್ಲೆಂಡಲ್ಲಿ ಸಮುದ್ರದ ಹತ್ರ ಒಂದು ಚಿಕ್ಕ ಹಳ್ಳಿ. ಒಂದು ಚರ್ಚು, ಒಂದು ಪಬ್ಬು, ಸುತ್ತ ನಾಲ್ಕು ಮನೆ. ನಮ್ಮ ಕಡೆ ಬಸ್‌ಸ್ಟಾಪಲ್ಲೇ ಅದಕ್ಕಿಂತ ಜಾಸ್ತಿ ಜನ ಇರ್ತಾರೆ.

ನಾನು ಬಟ್ಟೆ ಒಣಗಾಕಕ್ಕೆ ಹೋದ್ರೆ ಸಾಕು, ಬೇಲಿ ಹತ್ರ ಬಂದು ಶುರು ಹಚ್ಕೊಳ್ಳೋರು. ಪಾದ್ರಿ ಚರ್ಚಲ್ಲೇ ಕಳ್ಳ ಹೆಂಡ ಬಚ್ಚಿಟ್ಟಿದ್ನಂತೆ. ಹಿಟ್ಟಿನ ಗಿರಣಿಯವನ ಹೆಂಡ್ತಿ ಉಪ್ಪಿನ ವ್ಯಾಪಾರಿ ಜೊತೆ ಓಡಿಹೋದ್ಲಂತೆ. ನಾನು ಕ್ಲಿಪ್ಪು ಬಾಯಲ್ಲೇ ಕಚ್ಕೊಂಡು, ಆಮೇಲೆ ವಾಪಸ್ ಬಂದ್ಲಾ ಅಂತ ಕೇಳ್ದೆ. ಅವಳು ಸತ್ತು ಇನ್ನೂರು ವರ್ಷ ಆಯ್ತು ಅಂದ್ರು.

ಅಂಕಲ್ಲೂ ನನ್ನ ಜಾತೀನೇ ಕಣ್ರೀ ಅಂತ ನಮ್ಮನೆಯವರ ಹತ್ರ ಹೇಳ್ದೆ. ಅದಕ್ಕೆ ಅವರು, ಹಂಗೆಲ್ಲ ಅನ್ಬೇಡ, ಅದಕ್ಕೆ ಊರಿನ ಇತಿಹಾಸ ಅಂತಾರೆ ಅಂತ ಗದರಿದ್ರು. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದೋಳು ನಾನು, ನಂಗೇನು ಗೊತ್ತು? ಬದುಕಿರೋರ ವಿಷ್ಯ ಆಡಿದ್ರೆ ಚಾಡಿ, ಸತ್ತೋರ ವಿಷ್ಯ ಆಡಿದ್ರೆ ಇತಿಹಾಸ. ಅಂದ್ರೆ ನಾನು ಸ್ವಲ್ಪ ಬೇಗ ಶುರು ಮಾಡ್ತೀನಿ, ಅಷ್ಟೆ.

ಅಸ್ಥಿ ವಿಸರ್ಜನೆ

ಆ ಊರನ್ನ ಸಮುದ್ರ ವರ್ಷಾ ವರ್ಷಾ ಒಂದೊಂದು ತುತ್ತು ತಿನ್ತಾ ಇದ್ಯಂತೆ. ಈಗ ಸ್ಮಶಾನದ ಸರದಿ. ದೊಡ್ಡ ಬಿರುಗಾಳಿ ಎದ್ರೆ ಬೆಳಿಗ್ಗೆ ಮರಳ ಮೇಲೆ ಮೂಳೆ ಬಿದ್ದಿರ್ತವಂತೆ. ಹೇಳ್ತಾ ಹೇಳ್ತಾ ಅಂಕಲ್ ಕಣ್ಣಲ್ಲಿ ನೀರು.

ಏನಾದ್ರೂ ಸಮಾಧಾನ ಹೇಳ್ಬೇಕಲ್ಲ. ನಾವು ಅಸ್ಥಿ ಬಿಡಕ್ಕೆ ವ್ಯಾನ್ ಮಾಡ್ಕೊಂಡು ಶ್ರೀರಂಗಪಟ್ಣಕ್ಕೆ ಹೋಗ್ಬೇಕು, ಪುರೋಹಿತರ ಹತ್ರ ಚೌಕಾಸಿ ಮಾಡ್ಬೇಕು, ನಿಮ್ಮೋರು ಪುಣ್ಯವಂತರು ಅಂಕಲ್, ತಾವೇ ಎದ್ದು ನೀರಿಗೆ ಹೋಗ್ತಾರೆ ಅಂದೆ. ಅಂಕಲ್ ಮೂಗು ಒರೆಸ್ಕೊಂಡು, ವ್ಯಾನಿಗೆ ಎಷ್ಟು ತಗೋತಾರೆ ಅಂತ ಕೇಳಿದ್ರು.

ಕಿವಿ ಮುಚ್ಚೋ ಟೋಪಿ

ಅಂಕಲ್‌ಗೆ ದೇವರ ಥರ ಒಬ್ಬ ಮುತ್ತಾತ. ಹಡಗಿನ ಕ್ಯಾಪ್ಟನ್. ಅವನ ಹೆಸರಲ್ಲಿ ಚರ್ಚಲ್ಲಿ ಒಂದು ನೆನಪಿನ ಕಲ್ಲು ಹಾಕಿಸ್ಬೇಕು ಅನ್ನೋದೇ ಅಂಕಲ್ ಆಸೆ. ಅವರಿಗೆ ಆಗದೇ ಇರೋರು ಅಂದ್ರೆ ಪಬ್ಬಿನ ಮನೆಯವರು. ಅವರ ವಂಶದ ಒಬ್ಬ ಮುದುಕಿ ಇನ್ನೂ ಆ ಪಬ್ಬು ನಡೆಸ್ತಿದಾಳೆ. ಬಿಯರಿಗೆ ನೀರು ಬೆರೆಸೋ ವಂಶ, ದಡದಲ್ಲಿ ಕಳ್ಳ ದೀಪ ತೋರ್ಸಿ ಹಡಗು ಒಡೆಸಿ ದೋಚ್ತಿದ್ದ ವಂಶ ಅಂತ ಅಂಕಲ್ ಉರ್ಕೊಳ್ಳೋರು.

ಆ ಮುದುಕಿ ಮಾತ್ರ ಪ್ರತಿ ಕ್ರಿಸ್‌ಮಸ್‌ಗೂ ತಪ್ಪದೆ ಇವರಿಗೆ ಒಂದು ಉಣ್ಣೆ ಟೋಪಿ ಹೆಣೆದು ಕಳ್ಸೋಳು. ಎರಡೂ ಕಡೆ ಕಿವಿಗೆ ಇಷ್ಟಗಲ ಚೀಲ. ಇಲ್ಲಿ ಡಿಸೆಂಬರ್ ಅಂದ್ರೆ ನಡುಬೇಸಿಗೆ, ಮೊಟ್ಟೆ ಕಲ್ಲಿನ ಮೇಲೆ ಬೇಯುತ್ತೆ. ನನ್ನ ಅಣಕಿಸೋಕೇ ಕಳಿಸ್ತಾಳೆ ಅಂತ ಅಂಕಲ್ ಅದನ್ನ ತಗೊಂಡೋಗಿ ಟೊಮ್ಯಾಟೋ ಗಿಡದ ಬೆದರುಬೊಂಬೆಗೆ ಹಾಕೋರು. ಕಾಕಟೂ ಹಕ್ಕಿಗಳೂ ಅದಕ್ಕೆ ಹೆದರಲಿಲ್ಲ.

ಏಸಿಗೆ ಬಂದ ಸಭಿಕ

ವರ್ಷಕ್ಕೊಂದ್ಸಲ ಅಂಕಲ್ ಲೈಬ್ರರಿ ಹಾಲಲ್ಲಿ ತಮ್ಮೂರಿನ ಬಗ್ಗೆ ಭಾಷಣ ಮಾಡೋರು. ಹೋದ್ವರ್ಷ ಬಂದಿದ್ದೋನು ಒಬ್ಬನೇ ಒಬ್ಬ, ಅವನೂ ಬಿಸಿಲು ತಡೀಲಾರದೆ ಏಸಿಗೆ ಬಂದೋನು. ಗೊರಕೆ ಹೊಡೆದು, ಎದ್ದು, ಥ್ಯಾಂಕ್ಸ್ ಹೇಳಿ ಹೋದ. ಈ ಸಲಾನೂ ಜನ ಬರದಿದ್ರೆ ಹಾಲ್ ಕೊಡಲ್ಲ ಅಂತ ಲೈಬ್ರರಿಯಾಕೆ ಹೇಳ್ಬಿಟ್ಟಿದ್ಲು. ಅಂಕಲ್ ಮಗಳಿರೋದು ಬ್ರಿಸ್ಬೇನಲ್ಲಿ. ಅಪ್ಪ ಊರಿನ ಕಥೆ ತೆಗೆದ್ರೆ ಫೋನ್ ಮೇಜಿನ ಮೇಲಿಟ್ಟು ಪಾತ್ರೆ ತೊಳೀತಾಳೆ. ನೀರಿನ ಸದ್ದು ಇಲ್ಲಿಗೇ ಕೇಳ್ಸುತ್ತೆ.

"ಕೇಳೋರೇ ಇಲ್ದಿದ್ರೆ ಆ ಊರು ನನ್ನ ಜೊತೇನೇ ಹೋಗ್ಬಿಡುತ್ತೆ" ಅಂದ್ರು ಅಂಕಲ್.

ನಾನು ತಕ್ಷಣ ಫೋನ್ ತಗೊಂಡೆ. ಇಲ್ಲಿನ ನಮ್ಮ ಕನ್ನಡ ಹೆಂಗಸರ ಗ್ರೂಪಿಗೆ ಒಂದು ಮೆಸೇಜ್ ಹಾಕ್ದೆ: ಹೆಂಡದ ಪಾದ್ರಿ, ಓಡಿಹೋದ ಹೆಂಡ್ತಿ, ಜೊತೆಗೆ ನನ್ನ ಕೋಡುಬಳೆ. ಶನಿವಾರ ಹಾಲಲ್ಲಿ ಕುರ್ಚಿ ಸಾಲ್ಲಿಲ್ಲ. ಊರಿಂದ ಬಂದಿದ್ದ ಅತ್ತೇರನ್ನೂ ಕರ್ಕೊಂಡು ಬಂದಿದ್ರು. ಗೊರಕೆಯೋನೂ ಬಂದಿದ್ದ, ಪಾಪ ಅವನಿಗೆ ಜಾಗ ಸಿಗಲಿಲ್ಲ.

ನಾದಿನಿ ಎತ್ತಿದ ಪ್ರಶ್ನೆ

ಅಂಕಲ್ ಸೂಟ್ ಹಾಕ್ಕೊಂಡು ಪರದೆ ಮೇಲೆ ಕ್ಯಾಪ್ಟನ್ ಫೋಟೋ ಬಿಟ್ರು. ದೊಡ್ಡ ಗಡ್ಡ, ಗೋಡಂಬಿಯಷ್ಟು ಕಿವಿ. ಹಡಗಿಂದ ಇಳಿದ ಕ್ಯಾಪ್ಟನ್, ಹೆಂಡ್ತಿ ಕೈಯಲ್ಲಿದ್ದ ಎಳೇ ಮಗೂನ ಮೊದಲ್ನೇ ಸಲ ನೋಡಿ ಅತ್ಬಿಟ್ನಂತೆ. ಆ ಮಗೂನೇ ಅಂಕಲ್ ತಾತ. ಎಲ್ರೂ ಚಪ್ಪಾಳೆ ಹೊಡೆದ್ರು.

ಪರ್ತ್ ಊರಿಂದ ಬಂದಿದ್ದ ನನ್ನ ನಾದಿನಿ ಮಾತ್ರ ಹೊಡೀಲಿಲ್ಲ. ಅವಳ ಗಂಡ ಗಣಿ ಕೆಲಸದೋನು, ವಾರಗಟ್ಲೆ ಮನೇಲಿರಲ್ಲ. ಗಂಡಸ್ರು ಯಾವಾಗ ಹೋದ್ರು, ಯಾವಾಗ ಬಂದ್ರು ಅನ್ನೋದ್ರಲ್ಲಿ ಅವಳನ್ನ ಮೀರ್ಸೋರಿಲ್ಲ.

"ಅಂಕಲ್, ಕ್ಯಾಪ್ಟನ್ ಹೊರಟಿದ್ದು ಯಾವಾಗ?"

"ಕ್ರಿಸ್‌ಮಸ್ ಆದ ತಕ್ಷಣ."

"ಮಗು ಹುಟ್ಟಿದ್ದು?"

"ಅದರ ಮುಂದಿನ ಕ್ರಿಸ್‌ಮಸ್‌ಗೆ. ಎಂಥ ಉಡುಗೊರೆ ನೋಡಿ."

"ನಡುವೆ ಬಂದು ಹೋಗಿದ್ರಾ?"

"ಎಲ್ಲಿಂದ ಬರ್ತಾರೆ? ನಡುಗಡಲಲ್ಲಿದ್ರು."

ಇಡೀ ಹಾಲಲ್ಲಿ ಹೆಬ್ಬೆರಳುಗಳು ಗೆಣ್ಣು ಎಣಿಸೋಕೆ ಶುರು ಮಾಡಿದ್ವು. ಮದುವೆ ಆದ್ಮೇಲೆ ಮಗು ಯಾವಾಗ ಹುಟ್ತು ಅಂತ ಎಣಿಸದ ಹೆಂಗಸು ನಮ್ಮಲ್ಲಿ ಹುಟ್ಟೇ ಇಲ್ಲ. ಹಿಂದಿನ ಸಾಲಲ್ಲಿ ಒಬ್ರು ಅತ್ತೆ ನಿಧಾನಕ್ಕೆ ಕನ್ನಡದಲ್ಲಿ ಅಂದ್ರು, "ಹನ್ನೆರಡು ತಿಂಗಳು ಹೊರೋದು ಕತ್ತೆ ಕಣ್ರೇ."

ಏನಂದ್ರು ಅಂತ ಅಂಕಲ್ ನನ್ನ ಕೇಳಿದ್ರು. ಫೋಟೋ ಚೆನ್ನಾಗಿದ್ಯಂತೆ, ಮುಂದಿಂದು ತೋರ್ಸಿ ಅಂದೆ. ಮುಂದಿಂದು ಬಂತು. ಅದೇ ಕಾಲದ ಪಬ್ಬು, ಬಾಗಿಲಲ್ಲಿ ಮಾಲೀಕ. ಮೊರದಗಲ ಕಿವಿ. ನಾವೆಲ್ಲ ಪರದೆ ನೋಡಿದ್ವಿ, ಅಂಕಲ್‌ನ ನೋಡಿದ್ವಿ, ಮತ್ತೆ ಪರದೆ ನೋಡಿದ್ವಿ. ಅಂಕಲ್ಲೂ ತಿರುಗಿ ನೋಡಿದ್ರು. ಅವರ ಕೈ ತಾನಾಗೇ ಕಿವಿಗೆ ಹೋಯ್ತು.

ಇಷ್ಟು ಚೆನ್ನಾಗಿ ಪ್ರಶ್ನೆ ಕೇಳೋ ಸಭೇನ ನಾನು ನೋಡೇ ಇಲ್ಲ ಅಂತ ಲೈಬ್ರರಿಯಾಕೆ ಅಲ್ಲೇ ಮುಂದಿನ ವರ್ಷಕ್ಕೂ ಹಾಲ್ ಅಂಕಲ್ ಹೆಸರಿಗೆ ಬರ್ಕೊಂಡ್ಲು. ಆದ್ರೆ ಅಂಕಲ್ ಒಂದು ವಾರ ಬೇಲಿ ಹತ್ರ ಬರಲಿಲ್ಲ. ಇದ್ದ ಒಬ್ಬ ಕ್ಯಾಪ್ಟನ್ನೂ ಮುಳುಗಿಸಿಬಿಟ್ಯಲ್ಲೇ ಅಂತ ನಾದಿನಿಗೆ ಬೈದೆ.

ಆಮೇಲೊಂದು ಮಧ್ಯಾಹ್ನ, ಸುಡೋ ಬಿಸಿಲಲ್ಲಿ, ಬೇಲಿ ಮೇಲೆ ಆ ಉಣ್ಣೆ ಟೋಪಿ ಕಾಣ್ತು. ಬೆದರುಬೊಂಬೆ ಎದ್ದು ಬಂತೇನೋ ಅಂತ ಹೆದರ್ಕೊಂಡೆ. ನೋಡಿದ್ರೆ ಒಳಗೆ ಅಂಕಲ್ಲು, ಬೆವರು ಸುರೀತಾ ಇದೆ. ಧೈರ್ಯ ಮಾಡಿ ಪಬ್ಬಿನ ಮುದುಕಿಗೆ ಫೋನ್ ಮಾಡಿ ಎಲ್ಲ ಹೇಳಿದ್ರಂತೆ. ಅವಳು ಒಂಚೂರೂ ಬೆಚ್ಚಿಬೀಳಲಿಲ್ವಂತೆ.

"ನಮ್ಮನೇಲಿ ಎಲ್ರಿಗೂ ಗೊತ್ತಲ್ಲ. ನಿಂಗೆ ಯಾರೂ ಹೇಳಿರ್ಲಿಲ್ವಾ? ನಮ್ಮನೆ ಗಂಡಸರಿಗೆಲ್ಲ ಅದೇ ಅಳತೆ ಟೋಪಿ" ಅಂದ್ಲಂತೆ.

ಇಡೀ ಊರಿಗೇ ಗೊತ್ತಿತ್ತಂತೆ. ನೂರು ವರ್ಷಕ್ಕೂ ಮೇಲೆ ಒಬ್ರೂ ಬಾಯಿ ಬಿಟ್ಟಿರ್ಲಿಲ್ವಂತೆ. ಸಮುದ್ರ ಯಾಕೆ ಆ ಊರನ್ನ ತಿನ್ತಿದೆ ಅಂತ ನಂಗೆ ಗೊತ್ತಿಲ್ಲ. ಆದ್ರೆ ನಾನು ಅಲ್ಲಿ ಹುಟ್ಟಿದ್ರೆ, ಇಂಥ ಗುಟ್ಟು ಒಳಗಿಟ್ಕೊಂಡು ಒಂದೇ ವಾರಕ್ಕೆ ಹೊಟ್ಟೆ ಉಬ್ಬಿ ಸತ್ತು, ಎಲ್ರಿಗಿಂತ ಮುಂಚೆ ನೀರಿಗೆ ಹೋಗಿರ್ತಿದ್ದೆ.