ಲೇಖನದ ಡಬ್ಬಕ್ಕೆ ಬಿದ್ದ ಚಗಳಿ

ಎಪ್ಪತ್ತೊಂಬತ್ತರಲ್ಲಿ ನಮ್ಮ ರಿಪ್ಪನ್‌ಪೇಟೆಯ ವಾಚನಾಲಯ ಸ್ಮರಣ ಸಂಚಿಕೆ ತರಲು ಹೊರಟಾಗ ಅದರ ಸಂಪಾದಕ ಪಟ್ಟ ನನಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಸಭೆಯಲ್ಲಿ ಎದ್ದುನಿಂತು ಘರ್ಜಿಸಿದೆ: "ಬಂದ ಲೇಖನಗಳಲ್ಲಿ ಒಂದೇ ಒಂದು ಹಾಳೆ ಕಳೆದರೂ ಪಟ್ಟ ಬಿಟ್ಟು ಇಳಿಯುತ್ತೇನೆ!"

ಪಟ್ಟವೆಂದರೆ ಸಾಮಾನ್ಯವೇ? ಶಾಲೆಯಲ್ಲಿ ಬರೀ ಮೇಷ್ಟ್ರಾಗಿದ್ದ ನನಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ "ಬನ್ನಿ ಸಂಪಾದಕರೇ" ಎಂದು ಬೆಂಚು ಒರೆಸಿಕೊಡುತ್ತಿದ್ದರು!

ಲೇಖನ ಸ್ವೀಕರಿಸಲು ನಾನು ಕಟ್ಟಿದ ಕೋಟೆಯನ್ನು ಕೇಳಿ. ದೊಡ್ಡದೊಂದು ಬಿಸ್ಕತ್ತಿನ ಡಬ್ಬ. ಮುಚ್ಚಳದಲ್ಲಿ ಕಾಗದವಷ್ಟೇ ನುಸುಳುವ ಸೀಳು. ಅದಕ್ಕೊಂದು ಬೀಗ. ಪಕ್ಕದಲ್ಲಿ ರಾಜಾಜ್ಞೆ: 'ನಾಲ್ಕು ಪುಟ ಮೀರಕೂಡದು. ಕವರಿನ ಮೇಲೆ ಲೇಖನ ಎಂದು ಬರೆದಿರಬೇಕು. ಬೇರೇನನ್ನೂ ಹಾಕಕೂಡದು.' ಡಬ್ಬ ನಮ್ಮ ಜಗಲಿಯ ಮೇಲೆ ವಿರಾಜಮಾನವಾಯಿತು. ಪಕ್ಕದಲ್ಲಿ ದ್ವಾರಪಾಲಕನಾಗಿ ನಾನು.

ಮೊದಲ ದಾಳಿ ನಮ್ಮ ಕೇರಿಯ ವಾಸಪ್ಪನದು. ಹಾಳೆಗೆ ಹಾಳೆ ಅಂಟಿಸಿ, ಪಂಚೆಯಷ್ಟು ಉದ್ದ ಮಾಡಿ, ಮಡಚಿ ತುರುಕುತ್ತಿದ್ದ.

"ನಾಲ್ಕೇ ಪುಟ ಅಂತ ಬರೆದಿದೀನಲ್ಲ ವಾಸಪ್ಪ!"

"ಇದು ಒಂದೇ ಪುಟ ಮಾರಾಯ್ರೇ. ಬೇಕಾದ್ರೆ ಎಣ್ಸಿ!"

ನಿಯಮ ನನ್ನದೇ. ಎಣಿಸಿದೆ. ಒಂದೇ! ಒಳಗೆ ಬಿಟ್ಟೆ.

ಕೊನೆಯ ದಿನ ಮಧ್ಯಾಹ್ನ ಡಬ್ಬವನ್ನು ಎತ್ತಿಕೊಂಡು ನೇರ ಮಲಗುವ ಕೋಣೆಗೆ ನಡೆದೆ. ನನ್ನ ಹೆಂಡತಿ ಸರೋಜ ಬಾಗಿಲಿಗೆ ಅಡ್ಡ ನಿಂತಳು.

"ಎಂತ ಮಾರಾಯ್ರೇ, ಹೊರಗಿಂದ ಬಂದಿದ್ದು ಹೊರಗೇ ಬಿಚ್ಚಿ. ತೋಟದಿಂದ ಬಂದ್ರೆ ಕಾಲಲ್ಲಿ ರಕ್ತ ಹೀರೋ ಇಂಬಳ ಇದ್ಯಾ ಅಂತ ನೋಡ್ಕೊಂಡೇ ಅಲ್ವಾ ಒಳಗೆ ಬರೋದು?"

"ಸಾಹಿತ್ಯಕ್ಕೆ ಇಂಬಳ ಹತ್ತಲ್ಲ ಕಣೇ! ಎಲ್ಲಾ ಕವರಿನ ಮೇಲೂ ಲೇಖನ ಅಂತಿದೆ. ನಾನೇ ನೋಡಿದೀನಿ."

"ಮೇಲೆ ಬರ್ದಿದ್ದೇ ಒಳಗೆ ಇರ್ತದಾ? ನಮ್ಮನೆ ಕಾಫಿಪುಡಿ ಡಬ್ಬದಲ್ಲಿ ಸೂಜಿ-ದಾರ ಇಲ್ವಾ?"

ಹೆಂಗಸರಿಗೇನು ಗೊತ್ತು ಸಂಪಾದನೆ! ಹಾಸಿಗೆಯ ಮೇಲೆ ಕೂತು ಮುಚ್ಚಳ ತೆರೆದೆ.

ಕೆಂಪು ಸೈನ್ಯ ಹೊರಟಿತು! ಚಗಳಿ! ನಾವು ರುಬ್ಬಿ ಚಟ್ನಿ ಮಾಡಿ ತಿನ್ನುವ ಕೆಂಪಿರುವೆ! ಊರಿನ ಹಿರಿಯಜ್ಜಿ ಕನ್ನಮ್ಮಜ್ಜಿ ಚಗಳಿ ಚಟ್ನಿಯ ಮೇಲೆ ಲೇಖನ ಬರೆದು, ಓದುವವರಿಗೆ ಅನುಮಾನ ಬರದಿರಲೆಂದು ಒಂದು ಹಿಡಿ ಚಗಳಿಯನ್ನು ಜೀವಂತವಾಗಿಯೇ ಕವರಿಗೆ ತುಂಬಿಸಿದ್ದರು. ಕವರಿನ ಮೇಲೆ ಮುದ್ದಾದ ಅಕ್ಷರ: 'ಲೇಖನ'.

ಕತ್ತು, ಕಿವಿ, ಹೇಳಬಾರದ ಜಾಗ! ಕುಣಿಯುತ್ತಲೇ ಡಬ್ಬವನ್ನು ಬಚ್ಚಲಿಗೆ ಒಯ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಚಗಳಿ ತೇಲಿದವು. ಜೊತೆಗೆ ಊರಿನ ಸಮಸ್ತ ಸಾಹಿತ್ಯವೂ ಕರಗಿ ನೀಲಿ ಕಷಾಯವಾಯಿತು.

ಸರೋಜ ಇಣುಕಿ ನೋಡಿದಳು. "ಹೆದ್ರಬೇಡಿ. ಹಾಳೆ ಕಳೆದ್ರೆ ತಾನೇ ಪಟ್ಟ ಬಿಡೋದು? ಹಾಳೆ ಎಲ್ಲಾ ಇದಾವೆ. ಅಕ್ಷರ ಮಾತ್ರ ಹೋಗಿದ್ದು."

ಮತ್ತೆ ಬರೆದುಕೊಡಿ ಎಂದು ಮನೆಮನೆಗೆ ಹೋದರೆ ಪಟ್ಟ ಹೋದಂತೆಯೇ! ಸಾಗರದ ಪ್ರೆಸ್ಸಿನವರು ಬೇರೆ ಕಾಯುತ್ತಿದ್ದರು. ಶಾಲೆಗೆ ರಜೆ ಹಾಕಿ, ಬಾಗಿಲು ಜಡಿದು, ಎಲ್ಲರ ಲೇಖನಗಳನ್ನೂ ನಾನೇ ಬರೆಯತೊಡಗಿದೆ. ಯಾರು ಏನು ಬರೆದಿರುತ್ತಾರೆಂಬುದು ಊರಿಗೇ ಗೊತ್ತಿತ್ತು. ವಾಸಪ್ಪನಿಗೆ ತಾನು ಹುಲಿ ಕಂಡದ್ದನ್ನು ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ಕನ್ನಮ್ಮಜ್ಜಿಯ ಲೇಖನವಂತೂ ನನ್ನ ಮೈಮೇಲೆಯೇ ಅಚ್ಚಾಗಿತ್ತು! ಕಡೆಗೆ ಕೈ ಸೋತು, 'ಸಂಪಾದಕರ ಮಾತು' ಎಂದು ನನ್ನ ಹೆಸರಿನಲ್ಲಿ ಏನೋ ನಾಲ್ಕು ಸಾಲು ಗೀಚಿದೆ.

ಬಿಡುಗಡೆಯ ದಿನ ವಾಸಪ್ಪ ತನ್ನ ಲೇಖನ ಓದಿದ. ಮತ್ತೊಮ್ಮೆ ಓದಿದ. ನಾನು ಹಿಂದಿನ ಸಾಲಿಗೆ ಸರಿದೆ. ಅವನ ಕಣ್ಣಲ್ಲಿ ನೀರು ಬಂತು.

"ನಾನು ಇಷ್ಟು ಚೆನ್ನಾಗಿ ಬರ್ದಿದ್ನಾ!"

ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ವಾಚನಾಲಯದ ಅಧ್ಯಕ್ಷ ಹೂವಯ್ಯನವರು ಮೈಕು ಹಿಡಿದರು. "ಎಲ್ರೂ ಬಂಗಾರದಂಗೆ ಬರ್ದಿದಾರೆ. ಸಂಪಾದಕರ ಮಾತು ಒಂದೇ ಸಪ್ಪೆ. ಅದ್ಕೇ ಮುಂದಿನ ಸಂಚಿಕೆಗೆ ನಮ್ಮ ವಾಸಪ್ಪನೇ ಸಂಪಾದಕ!"

ಚಪ್ಪಾಳೆಯೋ ಚಪ್ಪಾಳೆ! ಸರೋಜಳದೇ ಎಲ್ಲಕ್ಕಿಂತ ಜೋರು. ಕೊರಳಿಗೆ ಬಿದ್ದ ಹಾರದ ಸಮೇತ ವಾಸಪ್ಪ ಬಂದು ನನ್ನ ಬೆನ್ನು ತಟ್ಟಿದ.

"ಬೇಜಾರ್ ಮಾಡ್ಕೋಬೇಡಿ ಮಾರಾಯ್ರೇ. ದಿನಾ ಸಂಜೆ ಮನೆ ಕಡೆ ಬನ್ನಿ. ಬರೆಯೋದು ಹೇಗೆ ಅಂತ ನಾ ಹೇಳ್ಕೊಡ್ತೀನಿ."