ಮೂರನೆಯವಳಿಗೆ ಒಂದು ‘ಬೇಡ’ ಮಂಜೂರು ಮಾಡುವ ಕುರಿತು

ಇಂದ:
ಮೂರು ಮಕ್ಕಳ ತಾಯಿ,
ಕಾರ್ಯದರ್ಶಿ ಹಾಗೂ ಉಳಿದೆಲ್ಲ ಸಿಬ್ಬಂದಿ,
ಮನೆಯ ಮಕ್ಕಳ ಸುರಕ್ಷತಾ ಸಮಿತಿ,
ಅಡುಗೆಮನೆ.

ಗೆ:
ಸದರಿ ಮಕ್ಕಳ ತಂದೆ,
ಅಧ್ಯಕ್ಷರು, ಸದರಿ ಸಮಿತಿ,
ಮತ್ತು ಬಾಯ್ಲರ್ ಕಾರ್ಖಾನೆಯ ಸುರಕ್ಷತಾ ಅಧಿಕಾರಿ.
ಹಾಲಿ ವಾಸ: ಸೋಫಾ.

ವಿಷಯ: ಮೂರನೆಯ ಮಗುವಿಗೆ ಕನಿಷ್ಠ ಒಂದು ನಿಷೇಧವನ್ನಾದರೂ ದಯಪಾಲಿಸುವ ಬಗ್ಗೆ.

ಉಲ್ಲೇಖ: 1) ದೊಡ್ಡವಳು ಹುಟ್ಟಿದ ವಾರ ತಾವು ಹೊರಡಿಸಿದ ಮೂವತ್ತನಾಲ್ಕು ನಿಯಮಗಳ ಪಟ್ಟಿ.
2) ‘ಅದಕ್ಕೇನಾಗಲ್ಲ ಬಿಡು’ ಎಂಬ ತಮ್ಮ ಮೌಖಿಕ ಆದೇಶ. ದಿನಾಂಕ: ಪ್ರತಿದಿನ.

ಮಾನ್ಯರೇ,

ಈ ದಿನ ಬೆಳಿಗ್ಗೆ ಏಳೂಕಾಲಕ್ಕೆ ಅರ್ಜಿದಾರಳು ಬಚ್ಚಲಿನಲ್ಲಿ ಒದ್ದೆ ಹಾಸುಬಟ್ಟೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದಳು. ನಲ್ಲಿಯ ಬದಲು ಆ ತುದಿ ಹಿಡಿಯಬೇಕಾದವರು ತಾವು. ಆದರೆ ತಾವು ಸದರಿ ವೇಳೆಯಲ್ಲಿ ಹೊರಕೋಣೆಯಲ್ಲಿ ಕುಳಿತು, ‘ಏಣಿ ಹತ್ತುವವರು ಗಮನಿಸಿ’ ಎಂಬ ಕಾರ್ಖಾನೆಯ ಫಲಕಕ್ಕೆ ಕೆಂಪು ಅಕ್ಷರ ತುಂಬುತ್ತಿದ್ದಿರಿ. ಆಗ ಹನ್ನೊಂದು ವರ್ಷದ ದೊಡ್ಡವಳು ಬಾಗಿಲಿಗೆ ಬಂದು, ಹವಾಮಾನ ವರದಿ ಓದುವವಳ ದನಿಯಲ್ಲಿ ಹೇಳಿದಳು:

“ಅಮ್ಮ, ಗುಬ್ಬಿ ಫ್ರಿಜ್ ಮೇಲಿದಾಳೆ.”

“ಮೇಲೆ ಅಂದ್ರೆ?”

“ಮೇಲೆ ಅಂದ್ರೆ ಮೇಲೆ. ಅಪ್ಪನಿಗೆ ಹೇಳ್ದೆ. ‘ಇಳಿಯೋಕೆ ಬರುತ್ತಾ ಕೇಳು’ ಅಂದ್ರು.”

ಗುಬ್ಬಿ ಎಂದರೆ ಮೂರನೆಯವಳು, ವಯಸ್ಸು ಆರು. ತಮಗೆ ಗೊತ್ತಿರಲಿ ಎಂದು ಬರೆದಿದೆ.

ಕಾರಣ, ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ದೊಡ್ಡವಳು ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ನಿಯಮಗಳು ಬಂದಿದ್ದವು. ಕಾರ್ಖಾನೆಯ ನಮೂನೆಯಲ್ಲೇ ಟೈಪಾಗಿದ್ದವು. ಮೇಲ್ಗಡೆ ‘ಮಗುವಿನ ಹೆಸರು’ ಎಂಬ ಗೆರೆ, ಕೆಳಗೆ ಇಬ್ಬರ ಸಹಿ. ನಿಯಮ 1ರ ಪ್ರಕಾರ ಮಗುವನ್ನು ಮುಟ್ಟುವವರು ಮೊಣಕೈವರೆಗೆ ಸೋಪು ಹಚ್ಚಿ ಇಪ್ಪತ್ತು ಎಣಿಸಬೇಕು. ತಮ್ಮ ತಾಯಿಯವರು ಹದಿನೇಳಕ್ಕೇ ನಿಲ್ಲಿಸಿದರೆಂದು ತಾವು ಅವರನ್ನು ಮತ್ತೆ ನಲ್ಲಿಗೆ ಅಟ್ಟಿದಿರಿ. “ನಿನ್ನನ್ನ ಬೆಳೆಸಿದ್ದೂ ಇದೇ ಕೈ ಕಣೋ,” ಎಂದರು ಅವರು. “ಅದಕ್ಕೇ ಅಮ್ಮ,” ಎಂದಿರಿ ತಾವು. ಮಗು ಸೀನಿದರೆ ಡಾಕ್ಟರಿಗೆ ಫೋನು. ಮಲಗಿದರೆ, ಉಸಿರಾಡುತ್ತಿದೆಯೇ ಎಂದು ತಿಳಿಯಲು ಎಬ್ಬಿಸುವುದು. ಎದ್ದು ಅತ್ತರೆ, ಉಸಿರಾಡುತ್ತಿದೆ ಎಂದು ವಹಿಯಲ್ಲಿ ಬರೆಯುವುದು.

2. ಮೂರು ವರ್ಷದ ನಂತರ ಎರಡನೆಯವನು ಬಂದ. ಅವನಿಗೂ ಅದೇ ಪಟ್ಟಿ, ಹೆಸರು ಮಾತ್ರ ಬೇರೆ. ಆದರೆ ಕೆಳಗೆ ಬಿದ್ದ ಚಮಚವನ್ನು ಹತ್ತು ನಿಮಿಷ ಕುದಿಸಬೇಕೆಂಬ ನಿಯಮ 7, ನಲ್ಲಿ ನೀರಿಗೆ ಹಿಡಿದರೆ ಸಾಕು ಎಂದು ತಿದ್ದುಪಡಿಯಾಯಿತು. ಮೇಜಿನ ಮೂಲೆಗಳಿಗೆ ಅಂಟಿಸಿದ್ದ ನಾಲ್ಕು ಸ್ಪಂಜುಗಳಲ್ಲಿ ಎರಡು ಉದುರಿದವು. ಉಳಿದ ಎರಡು ಮೂಲೆಗಳ ಕಡೆಗೇ ಮಗು ಬೀಳುತ್ತದೆ ಎಂದು ತಾವು ಅಂದಾಜು ಮಾಡಿದಿರಿ.

(ಇಲ್ಲಿ ಹಾಲು ಉಕ್ಕಿದ್ದರಿಂದ ಅರ್ಜಿ ಹತ್ತು ನಿಮಿಷ ನಿಂತಿತ್ತು. ಒಲೆ ಒರೆಸಿ ಮುಂದುವರಿಸಲಾಗಿದೆ.)

3. ಇನ್ನು ಮೂರನೆಯವಳು. ಅವಳ ಕಾಲಕ್ಕೆ ಕೈ ಇದ್ದವರೆಲ್ಲ ಎತ್ತಿಕೊಳ್ಳಬಹುದಾಯಿತು. ಬಿದ್ದ ಚಮಚಕ್ಕೆ ಉಫ್ ಎಂದು ಊದಿದರೆ ಮುಗಿಯಿತು. ಮೆಟ್ಟಿಲಿಗೆ ಹಾಕಿಸಿದ್ದ ಪುಟ್ಟ ಗೇಟನ್ನು ಕಿತ್ತು ಕಾಲುಚೀಲ ಒಣಗಿಸಲು ಇಡಲಾಯಿತು. ಉಳಿದೆರಡು ಸ್ಪಂಜಿನಿಂದ ಪಾತ್ರೆ ಉಜ್ಜಲಾಯಿತು. ದೊಡ್ಡವಳಿಗೆ ಒಂಬತ್ತು ತುಂಬುವವರೆಗೆ ಕತ್ತರಿ ತೋರಿಸದ ಮನೆಯಲ್ಲಿ, ಇವಳು ನಾಲ್ಕಕ್ಕೇ ಅಣ್ಣನ ಕೂದಲು ಕತ್ತರಿಸಿದಳು. ತಾವು ನೋಡಿ, “ಪರವಾಗಿಲ್ಲ, ಸಮವಾಗಿದೆ,” ಎಂದಿರಿ.

ಇದನ್ನೆಲ್ಲ ತಾವು ‘ಅನುಭವ’ ಎಂದು ಕರೆಯುತ್ತೀರಿ. ಹೆಲ್ಮೆಟ್ ಇಲ್ಲದ ಸಂದರ್ಶಕನನ್ನು ಕಾರ್ಖಾನೆಯ ಗೇಟಿನಿಂದ ಒಳಗೆ ಬಿಡದ ಮಹನೀಯರಿಗೆ, ಇಪ್ಪತ್ತು ವರ್ಷದ ಅನುಭವದ ನಂತರವೂ ಅಲ್ಲಿ ಒಂದು ನಿಯಮವೂ ಸಡಿಲಿಸಬೇಕೆಂದು ಅನ್ನಿಸಿಲ್ಲ. ಮನೆಯಲ್ಲಿ ಮಾತ್ರ ಅನುಭವ ಸೋಫಾದಿಂದ ಏಳಲು ಬಿಡುವುದಿಲ್ಲ.

4. ಕಳೆದ ವರ್ಷದ ಗುಂಡಿ ಪ್ರಕರಣ. ಗುಬ್ಬಿ ಅಂಗಿಯ ಗುಂಡಿ ನುಂಗಿದಳೆಂದು ಅಣ್ಣ ಓಡಿಬಂದು ಹೇಳಿದಾಗ ತಾವು ಕೇಳಿದ್ದು ಒಂದೇ ಮಾತು: “ಯಾವ ಅಂಗೀದು?” ಮನೆಮಂದಿ ನಕ್ಕರು. ಅರ್ಜಿದಾರಳೂ ನಕ್ಕಳು. ನಕ್ಕದ್ದು ದಾಖಲೆಯಲ್ಲಿರಲಿ, ಆಕೆ ವಿನಾಯಿತಿ ಕೇಳುವುದಿಲ್ಲ. ಗುಂಡಿ ಮಾರನೆಯ ದಿನ ತನ್ನಷ್ಟಕ್ಕೆ ಹೊರಬಂತು. ನಾವು ನಕ್ಕದ್ದು ಮಗುವಿನ ಒಳಗೇ ಉಳಿಯಿತು ಎಂಬುದು ಈಗ ತಿಳಿದುಬಂದಿದೆ.

5. ಹೇಗೆಂದರೆ, ಮೂರು ವಾರದಿಂದ ಮಗು ತಮ್ಮ ಫಲಕಗಳನ್ನು ಅಕ್ಷರ ಕೂಡಿಸಿ ಓದುತ್ತಿದೆ. ಅದೇ ಮೂರು ವಾರದಿಂದ ಕಿಟಕಿಯ ಕಟ್ಟೆಯ ಮೇಲೆ ನಿಲ್ಲುತ್ತದೆ, ಇಸ್ತ್ರಿಪೆಟ್ಟಿಗೆಯ ಹತ್ತಿರ ಬೆರಳು ಚಾಚುತ್ತದೆ. ಚಾಚಿ ಸುಮ್ಮನಿರುವುದಿಲ್ಲ, ಅರ್ಜಿದಾರಳ ಮುಖ ನೋಡುತ್ತದೆ. ಅರ್ಜಿದಾರಳು ಬಟ್ಟೆ ಮಡಿಸುತ್ತಾ, “ಸುಟ್ಕೋತೀಯ ನೋಡು,” ಎಂದು ತಲೆಯೆತ್ತದೆ ಹೇಳಿದ್ದಾಳೆ. ಮಗು ಬೆರಳು ಹಿಂದೆ ತೆಗೆದು, ಇನ್ನೊಂದು ಕೋಣೆಗೆ ಹೋಗಿ, ಇನ್ನಷ್ಟು ಎತ್ತರದ್ದೇನನ್ನೋ ಹತ್ತಿದೆ.

6. ಇಂದು ಅರ್ಜಿದಾರಳು ಹಾಸುಬಟ್ಟೆ ಬಿಟ್ಟು ಓಡಿದಾಗ, ಗುಬ್ಬಿ ಫ್ರಿಜ್ಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ತಮ್ಮ ‘ಏಣಿ ಸುರಕ್ಷತೆ’ಯ ದಪ್ಪ ಪುಸ್ತಕ; ಹತ್ತಿದ್ದು ಹಾಗೆ. ತೊಡೆಯ ಮೇಲೆ, ಅಲ್ಲೇ ಧೂಳು ತಿನ್ನುತ್ತಿದ್ದ ನಮ್ಮ ನಿಯಮಗಳ ಕಡತ. ‘ಮ-ಗು-ವಿ-ನ ಹೆ-ಸ-ರು’ ಎಂದು ಬೆರಳಿಟ್ಟು ಓದಿದಳು. ಮೊದಲ ಹಾಳೆಯಲ್ಲಿ ಅಕ್ಕನ ಹೆಸರು. ಎರಡನೆಯದರಲ್ಲಿ ಅಣ್ಣನದು. ಮೂರನೆಯ ಹಾಳೆ ಇತ್ತು. ಹೆಸರಿನ ಗೆರೆ ಖಾಲಿ, ಸಹಿಯ ಗೆರೆಗಳೂ ಖಾಲಿ. ಅದರ ಬೆನ್ನಿಗೆ ದಿನಸಿಯ ಪಟ್ಟಿ. ಅಕ್ಷರ ಅರ್ಜಿದಾರಳದು.

“ಲೇ, ಇದು ಒಳ್ಳೇದಲ್ವೇನೇ?” ಎಂದಳು ದೊಡ್ಡವಳು ಕೆಳಗಿನಿಂದ. “ನನಗೆ ಮೂವತ್ನಾಲ್ಕು ‘ಬೇಡ’ ಇದೆ. ನಿಂಗೆ ಒಂದೂ ಇಲ್ಲ. ಅದೃಷ್ಟವಂತೆ.”

ಗುಬ್ಬಿ ಆ ಮೂರನೆಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ತಾನೇ ಇಳಿದಳು. ಇಳಿಯಲು ಬರುತ್ತದೆ. ತಾವು ಕೇಳಿಸಿದ್ದ ಪ್ರಶ್ನೆಗೆ ಇದು ಉತ್ತರ.

7. ‘ಮಕ್ಕಳು ಹೀಗೇ ಗಟ್ಟಿಯಾಗುವುದು’ ಎಂಬ ತಮ್ಮ ಎಂದಿನ ವಾದವನ್ನು ಅರ್ಜಿದಾರಳು ಮುಂಚಿತವಾಗಿಯೇ ತಿರಸ್ಕರಿಸುತ್ತಾಳೆ. ನಾವು ಗಟ್ಟಿ ಮಾಡಿದ್ದಲ್ಲ, ಸುಸ್ತಾದದ್ದು. ಇಬ್ಬರು ದೊಡ್ಡವರು, ನಾಲ್ಕು ಕೈ. ಅದರಲ್ಲೂ ಎರಡು ಕೈ ಸದಾ ಫಲಕ ಬರೆಯುತ್ತಿರುತ್ತವೆ. ಮೊದಲನೆಯವಳ ಹೊತ್ತಿಗೆ ಭಯ ಪಡಲು ಪುರುಸೊತ್ತಿತ್ತು. ಈಗಲೂ ಭಯವಿದೆ. ಅದನ್ನು ಮಗುವಿಗೆ ಕಾಣುವ ಹಾಗೆ ಪಡಲು ಪುರುಸೊತ್ತಿಲ್ಲ, ಅಷ್ಟೆ. ಆದರೆ ಇದು ಮಗುವಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಮಾನ್ಯರು ಸೋಫಾದಿಂದ ಎದ್ದು, ಸದರಿ ಮೂರನೆಯ ಹಾಳೆಯಲ್ಲಿ ಮಗುವಿನ ಹೆಸರನ್ನು ಕಾರ್ಖಾನೆಯ ಕೆಂಪು ಬಣ್ಣದಲ್ಲೇ ಬರೆದು, ಮೂವತ್ತನಾಲ್ಕರಲ್ಲಿ ಯಾವುದಾದರೂ ಒಂದು ನಿಯಮವನ್ನು ಅವಳಿಗೆ ಜಾರಿ ಮಾಡಿ, ಅವಳು ಅದನ್ನು ಮುರಿದ ಕೂಡಲೇ ಕೆಲಸ ಬಿಟ್ಟು ಓಡಿಬಂದು ಬೈಯಬೇಕಾಗಿ ಕೋರಲಾಗಿದೆ. ಬೈಯುವಾಗ ದನಿ ಸ್ವಲ್ಪ ನಡುಗಿದರೆ ಉತ್ತಮ. ಎರಡನೆಯ ಸಹಿ ಹಾಕಲು ಅರ್ಜಿದಾರಳು ಸಿದ್ಧಳಿದ್ದಾಳೆ.

ತಮ್ಮ ವಿಶ್ವಾಸಿ
(ವಿಶ್ವಾಸ ಎಷ್ಟು ಉಳಿದಿದೆ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು),
ಮೂರು ಮಕ್ಕಳ ತಾಯಿ

ಅಡಕಗಳು:
1. ಮೂರನೆಯ ಹಾಳೆ, ನಾಲ್ಕು ಮಡಿಕೆ (ಮಗುವಿನ ಜೇಬಿನಲ್ಲಿದೆ, ತಾವೇ ಕೇಳಿ ಪಡೆಯತಕ್ಕದ್ದು).
2. ಅಂಗಿಯ ಗುಂಡಿ, ಒಂದು. ತಮ್ಮ ನೀಲಿ ಅಂಗಿಯದು.
3. ಮೇಜಿನ ಮೂಲೆಯ ಸ್ಪಂಜು, ಪಾತ್ರೆ ಉಜ್ಜಿ ಉಳಿದಷ್ಟು.

ವಿಶೇಷ ಸೂಚನೆ: ಈ ಅರ್ಜಿಯನ್ನು ಮಡಿಸುತ್ತಿದ್ದಾಗ ಗುಬ್ಬಿ ಅಡುಗೆಮನೆಗೆ ಬಂದು, ಅರ್ಜಿದಾರಳ ಮೊಣಕೈ ಹಿಡಿದು, ಮೂರು ವಾರದಿಂದ ಹತ್ತಿ ಹತ್ತಿ ಕೇಳುತ್ತಿದ್ದುದನ್ನು ಬಾಯಿಬಿಟ್ಟೇ ಕೇಳಿದಳು. ಅರ್ಜಿದಾರಳು ಒಲೆ ಆರಿಸಿ, ಅರ್ಜಿ ಬದಿಗಿಟ್ಟು ಅವಳನ್ನು ಎತ್ತಿಕೊಂಡು ತನ್ನ ಪಾಲಿನ ಉತ್ತರ ಕೊಟ್ಟಿದ್ದಾಳೆ. ತಮ್ಮ ಪಾಲಿನದನ್ನು ಈ ಸಂಜೆ ಆರರೊಳಗೆ, ಖುದ್ದಾಗಿ, ಅವಳ ಎತ್ತರಕ್ಕೆ ಮೊಣಕಾಲೂರಿ ಸಲ್ಲಿಸತಕ್ಕದ್ದು. ಪ್ರಶ್ನೆ ಈ ಕೆಳಗಿನಂತಿದೆ:

“ಅಮ್ಮ, ನಾನು ಬಿದ್ರೆ ಯಾರಿಗೆ ಭಯ ಆಗುತ್ತೆ?”